ಹೆದರುತ್ತಲೇ ಕೇಳಿದ ಉಮಕ್ಕ

ಉಮಾವತಿಯವರು ಗೋಡೆ ಬಿಟ್ಟು ನಡೆದದ್ದನ್ನು ದಾರ್ಸೈಟ್ ಬಡಾವಣೆಯಲ್ಲಿ ಯಾರೂ ಕಂಡಿರಲಿಲ್ಲ. ಮಸ್ಕತ್ತಿನ ಬಿಸಿಲಿಗೆ ಎಲ್ಲರೂ ಕಟ್ಟಡದ ನೆರಳು ಹಿಡಿದೇ ನಡೆಯುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಬಿಸಿಲಿಳಿದು, ಎದುರಿನ ಬೋಳು ಬೆಟ್ಟ ಕಂದಿ, ಮಕ್ಕಳು ಸೈಕಲ್ ತೆಗೆದುಕೊಂಡು ಓಣಿಗೆ ಬಂದ ಮೇಲೂ ಈಕೆ ಬಲಗೈ ಬೆರಳುಗಳನ್ನು ಗೋಡೆಗೆ ತಾಗಿಸಿಕೊಂಡು, ಅರ್ಧ ಹೆಜ್ಜೆಯ ನಡಿಗೆಯಲ್ಲಿ, ಯಾರದೋ ನಿದ್ದೆ ಕೆಡಿಸಬಾರದೆಂಬಂತೆ ಸಾಗುತ್ತಿದ್ದರು. ನೆಟ್ಟಗಿನ ಮೈಕಟ್ಟು, ಅಗಲ ಹಣೆ, ತಲೆಯಲ್ಲಿ ಸಾಕಷ್ಟು ನರೆ. ಎದುರಿಗೆ ಕೂತಾಗ ಗೌರವ ಹುಟ್ಟಿಸುವಂಥ ಗಂಭೀರ ಮುಖ. ಎದ್ದು ನಡೆದರೆ ಮಾತ್ರ ಆ ಗಾಂಭೀರ್ಯವೆಲ್ಲ ಕರಗಿ, ಪರರ ಮನೆಯಲ್ಲಿ ಬಹುಕಾಲ ಉಳಿದುಹೋದ ಅತಿಥಿಯೊಬ್ಬಳು ಕಾಣಿಸಿಕೊಳ್ಳುತ್ತಿದ್ದಳು.

ಕೆಳಗಿನ ಮಹಡಿಯ ಪ್ರಣೀತಾ ಉಮಾವತಿಯನ್ನು ಮೊದಲು ಕಂಡದ್ದು ಮೆಟ್ಟಿಲಿನಲ್ಲಿ. ಅವಳು ಮೈಸೂರಿನಿಂದ ಮದುವೆಯಾಗಿ ಬಂದ ಹೊಸತು. ಗಂಡ ಚೇತನ್ ಒಂದು ಕಟ್ಟಡ ಕಂಪನಿಯಲ್ಲಿ ಇಂಜಿನಿಯರು. ತರಕಾರಿಯ ಎರಡು ಚೀಲ ಹೊತ್ತು ಏದುಸಿರು ಬಿಡುತ್ತ ನಾಲ್ಕನೆಯ ಮಹಡಿಗೆ ಹತ್ತುತ್ತಿದ್ದ ಹೆಂಗಸನ್ನು ನೋಡಿ, "ಲಿಫ್ಟ್ ಕೆಟ್ಟಿದ್ಯಾ ಆಂಟಿ?" ಎಂದು ಕೇಳಿದಳು.

"ಇಲ್ಲ, ಸರಿ ಉಂಟು," ಎಂದರು ಉಮಾವತಿ. "ಸರಿ ಇರುವುದೇ ಅಲ್ವಾ ಕೆಡುವುದು. ಸುಮ್ಮನೆ ಯಾಕೆ ಹೇಳಿ."

ಆ "ಸುಮ್ಮನೆ ಯಾಕೆ ಹೇಳಿ" ಎಂಬುದು ಅವರ ಮಾತಿನ ಪೂರ್ಣವಿರಾಮ. ಫೋನಿನಲ್ಲಿ ಫೋಟೋ ಹಾಕುವುದು, ಪಕ್ಕದ ಮನೆಯವರ ಜಗಳದಲ್ಲಿ ನ್ಯಾಯ ಹೇಳುವುದು, ಟ್ಯಾಕ್ಸಿಯವನ ಜೊತೆ ಬಾಡಿಗೆಗೆ ವಾದಿಸುವುದು, ಎಲ್ಲಕ್ಕೂ ಅದೇ ಮುಕ್ತಾಯ. ಪೊಲೀಸ್ ಎಂಬ ಶಬ್ದವನ್ನು ಅವರು ತಮ್ಮ ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿಕೊಂಡಾಗಲೂ ಉಚ್ಚರಿಸುತ್ತಿರಲಿಲ್ಲ. "ಅವರು" ಎನ್ನುತ್ತಿದ್ದರು, ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ನುಂಗಿಕೊಳ್ಳುತ್ತಿದ್ದ ಹಾಗೆ. ಟ್ಯಾಕ್ಸಿ ಸಿಗ್ನಲಿನಲ್ಲಿ ನಿಂತಾಗಲೆಲ್ಲ ಅವರ ಕೈ ತನ್ನಷ್ಟಕ್ಕೆ ವ್ಯಾನಿಟಿ ಬ್ಯಾಗಿನೊಳಗೆ ಇಳಿದು ರೆಸಿಡೆಂಟ್ ಕಾರ್ಡು ಇದೆಯೇ ಎಂದು ಮುಟ್ಟಿ ನೋಡಿಕೊಂಡು ಮೇಲೆ ಬರುತ್ತಿತ್ತು. ರೂವಿಯ ಒಂದು ವಿಮಾ ಏಜೆನ್ಸಿಯ ಕಚೇರಿಯಲ್ಲಿ ಅವರದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನೌಕರಿ. ಅಲ್ಲಿಯ ಏಸಿಗೆಂದು ಹೊಲಿಸಿಕೊಂಡ ಕಂದು ಬಣ್ಣದ ಒಂದು ಉಣ್ಣೆಯ ಕೋಟಿತ್ತು. ನೆಲ ಸುಡುವ ಜೂನ್ ತಿಂಗಳಿನಲ್ಲೂ ಮನಸ್ಸಿಗೆ ಏನಾದರೂ ಕಸಿವಿಸಿಯಾದರೆ ಅದನ್ನು ತೊಟ್ಟುಕೊಂಡು ಗುಂಡಿ ಹಾಕಿಕೊಳ್ಳುತ್ತಿದ್ದರು. ಭಯ ಅವರಿಗೆ ಚಳಿಯ ರೂಪದಲ್ಲಿ ಬರುತ್ತಿತ್ತು.

ಇಷ್ಟೊಂದು ಹೆದರುವವರನ್ನು ಕಂಡರೆ ಜನಕ್ಕೆ ನಗು ಬರುವುದು ಸಹಜ. ಗೋನು ಚಂಡಮಾರುತದ ವರ್ಷ ಮಸ್ಕತ್ತಿನ ಆಕಾಶ ಕಪ್ಪಾಗುವ ಮೊದಲೇ ಉಮಾವತಿ ಮನೆಯ ಬಕೆಟ್ಟು, ಕೊಪ್ಪರಿಗೆ, ಸ್ನಾನದ ತೊಟ್ಟಿ, ಕೊನೆಗೆ ಇಡ್ಲಿಪಾತ್ರೆಯನ್ನೂ ಬಿಡದೆ ನೀರು ತುಂಬಿಸಿಟ್ಟಿದ್ದರಂತೆ. ಕಟ್ಟಡದವರೆಲ್ಲ ಬಂದು ನೋಡಿ ನಕ್ಕು ಹೋದರು. ಗಾಳಿ ಮಳೆ ನಿಂತ ಮೇಲೆ ನಲ್ಲಿಗಳೂ ನಿಂತವು. ಆಗ ಅದೇ ಜನ ಚೆಂಬು ಹಿಡಿದುಕೊಂಡು ಅವರ ಬಾಗಿಲಿಗೆ ಬಂದರು. ಉಮಾವತಿ ಎಲ್ಲರಿಗೂ ಕೊಟ್ಟರು. ಕೊಡುವಾಗಲೂ ನೀರು ಮುಗಿದರೆ ಏನು ಗತಿ ಎಂದು ನಡುಗುತ್ತಲೇ ಇದ್ದರು.

ಗಂಡನ ವಿಷಯ ಅವರು ಎತ್ತುತ್ತಿರಲಿಲ್ಲ. ಮುಲ್ಕಿಯಿಂದ ಅವರನ್ನು ಕರೆತಂದ ಆ ಮನುಷ್ಯ ಬಹರೇನಿನಲ್ಲಿ ಒಳ್ಳೆಯ ಕೆಲಸವಿದೆಯೆಂದು ಹೋದವನು ಹಿಂದಿರುಗಲಿಲ್ಲ. ಮಗ ಕೀರ್ತನ್ ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಓದಿ, ಕಾಲೇಜಿಗೆ ಊರಿಗೆ ಹೋಗಿ, ಈಗ ಬೆಂಗಳೂರಿನ ಒಂದು ಶಾಲೆಯಲ್ಲಿ ಸಂಗೀತದ ಮೇಷ್ಟರಾಗಿದ್ದ. ಅವನ ಮದುವೆಯ ಪ್ರಸ್ತಾಪ ಬಂದಾಗಲೆಲ್ಲ ಉಮಾವತಿಗೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗುತ್ತಿತ್ತು. ಎದ್ದು ಒಳಗೆ ಹೋದವರು ಮಾತು ಬೇರೆ ಕಡೆ ತಿರುಗುವ ತನಕ ಹೊರಗೆ ಬರುತ್ತಿರಲಿಲ್ಲ.

ಇಂಥ ಉಮಾವತಿ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಾರ್ವಜನಿಕ ಕೆಲಸ ಮಾಡಿದ್ದರು; ಅದನ್ನೂ ಹೆದರಿಕೆಯಿಂದಲೇ ಮಾಡಿದ್ದರು. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ಗ್ಯಾರೇಜೊಂದರಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಬೆಳ್ಮಣ್ಣಿನ ಕಡೆಯ ತುಕ್ರ ಎಂಬವನು ಕೆಲಸದ ನಡುವೆ ಕುಸಿದು ಸತ್ತ. ಅವನ ವೀಸಾಕ್ಕೆ ಹೊಣೆಯಾದ ಒಡೆಯ, ಕಫೀಲ್, ಅಂಗಡಿ ಮುಚ್ಚಿ ಕಣ್ಮರೆಯಾಗಿದ್ದ. ಹೆಣ ಶವಾಗಾರದಲ್ಲಿ ಅನಾಥವಾಗಿ ಉಳಿಯಿತು. ಊರಿನಲ್ಲಿ ಅವನ ಹೆಂಡತಿ ಅಪ್ಪಿ ಯಾರ ಯಾರದೋ ಫೋನಿನಿಂದ ಕರೆ ಮಾಡಿ "ಅವರನ್ನು ಯಾವಾಗ ಕಳಿಸ್ತೀರಿ" ಎಂದು ಕೇಳುತ್ತಿದ್ದಳು. ಹೇಗೋ ಆ ಕರೆಯೊಂದು ಉಮಾವತಿಗೆ ಬಂತು. ಪರದೇಶದ ತಣ್ಣಗಿನ ಪೆಟ್ಟಿಗೆಯಲ್ಲಿ ಹೇಳುವವರು ಕೇಳುವವರಿಲ್ಲದೆ ಮಲಗಿರುವುದೆಂಬ ಕಲ್ಪನೆಯೇ ಅವರನ್ನು ಎಷ್ಟು ನಡುಗಿಸಿತೆಂದರೆ, ಕೋಟು ತೊಟ್ಟುಕೊಂಡು ಮನೆಮನೆಗೆ, ಗ್ಯಾರೇಜು ಗ್ಯಾರೇಜಿಗೆ ಹೋಗಿ ಬೇಡಿ ತಂದು, ಹೆಣವನ್ನು ಊರಿಗೆ ಕಳಿಸಿದರು. ಕರಾವಳಿಯವರ 'ಕಡಲತಡಿ ಬಳಗ' ಅನಂತರ ಅದನ್ನು ಶಾಶ್ವತ ನಿಧಿಯಾಗಿ ನಡೆಸತೊಡಗಿತು. ಬ್ಯಾನರಿನ ಮೇಲೆ ಏನೇ ಬರೆದಿದ್ದರೂ ಜನರ ಬಾಯಲ್ಲಿ ಅದು ತುಕ್ರನ ನಿಧಿ. ಅದಕ್ಕಾಗಿ ವರ್ಷಕ್ಕೊಮ್ಮೆ ಸುತ್ತುವವರು ಉಮಾವತಿಯೇ. ಪರವಾನಗಿಯಿಲ್ಲದೆ ಹಣ ಕೂಡಿಸುವುದು ಈ ದೇಶದಲ್ಲಿ ತಪ್ಪೆಂದು ಅವರಿಗೆ ಗೊತ್ತಿತ್ತು. ಸುತ್ತಿ ಬಂದ ವಾರವೆಲ್ಲ ಅವರಿಗೆ ಅನ್ನ ರುಚಿಸುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಬೇಸಗೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಕಾನೂನುಬದ್ಧವಾಗಿ ಮದುವೆಯಾಗಬಹುದೇ ಎಂಬ ಪ್ರಶ್ನೆಯನ್ನು ದೆಹಲಿಯ ಸುಪ್ರೀಂ ಕೋರ್ಟು ಕೈಗೆತ್ತಿಕೊಂಡಿತ್ತು. ಬಳಗದ ವಾಟ್ಸಾಪಿನಲ್ಲಿ ಬೆಳಗಾದರೆ ಅದೇ ಚರ್ಚೆ, ಅದೇ ಕುಚೋದ್ಯ. ಅದೇ ದಿನಗಳಲ್ಲಿ ಕೋಲಾರದ ಕಡೆಯ ಮುನಿಯಪ್ಪ ಎಂಬ ಟ್ಯಾಂಕರ್ ಚಾಲಕ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಸ್ನೇಹಿತರು ಉಮಾವತಿಯನ್ನು ಹುಡುಕಿಕೊಂಡು ಬಂದರು. ಉಮಾವತಿ ಬಳಗದ ಖಜಾಂಚಿಗೆ ಫೋನು ಮಾಡಿದರು. ಖಜಾಂಚಿ ಕೆಮ್ಮಿದ. "ಈಗ ಸ್ವಲ್ಪ ಟೈಟ್ ಉಂಟು ಉಮಕ್ಕ. ಮುಂದಿನ ತಿಂಗಳು ನೋಡುವ" ಎಂದ. ಹೆಣಕ್ಕೆ ಮುಂದಿನ ತಿಂಗಳು ಎಂದರೇನೆಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಅದೇ ಸಂಜೆ ಗುಂಪಿನಲ್ಲಿ ಒಂದು ಫೋಟೋ ಬಂತು. ಬಳಗದ ಅಧ್ಯಕ್ಷ ಲೋಕನಾಥ ಕರ್ಕೇರರು ಮಂಗಳೂರಿನ ಒಂದು ವೇದಿಕೆಯ ಮೇಲೆ ಶಾಲು ಹೊದ್ದು, ದೊಡ್ಡದಾಗಿ ಮಾಡಿಸಿದ ಚೆಕ್ಕಿನ ಒಂದು ತುದಿ ಹಿಡಿದು ನಿಂತಿದ್ದರು. ಇನ್ನೊಂದು ತುದಿ ಹಿಡಿದವರು 'ವಿವಾಹ ಸಂಸ್ಕೃತಿ ರಕ್ಷಣಾ ಸಮಿತಿ'ಯವರು. ಅಂಥ ಮದುವೆಗಳ ವಿರುದ್ಧ ಪತ್ರಿಕೆಗಳಲ್ಲಿ ಜಾಹೀರಾತು ಹಾಕುವುದಕ್ಕೆ, ಸಭೆ ನಡೆಸುವುದಕ್ಕೆ, ವಕೀಲರನ್ನು ಇಡುವುದಕ್ಕೆ ಹುಟ್ಟಿಕೊಂಡ ಕೂಟ. ಚೆಕ್ಕಿನ ಮೇಲೆ 'ಕಡಲತಡಿ ಬಳಗ, ಮಸ್ಕತ್' ಎಂದು ಅಚ್ಚಾಗಿತ್ತು. ಮುಚ್ಚಿಡುವಂಥದ್ದೇನೋ ಅಲ್ಲಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಕೆಳಗೆ ಕೈಮುಗಿದ, ಚಪ್ಪಾಳೆ ತಟ್ಟುವ ಚಿತ್ರಗಳು ಸಾಲುಗಟ್ಟಿದ್ದವು. ಗಂಡನೊಡನೆ ಬಳಗದ ಸದಸ್ಯೆಯಾಗಿದ್ದ ಪ್ರಣೀತಾ "ಈ ಹಣ ಯಾವ ನಿಧಿಯದು?" ಎಂದು ಬರೆದಳು. ಆ ಸಾಲು ಸ್ವಲ್ಪ ಹೊತ್ತಿನಲ್ಲೇ ಅಳಿಸಿಹೋಯಿತು.

ಅವಳು ಮೇಲೆ ಹೋಗಿ ನೋಡಿದರೆ ಉಮಾವತಿ ಕೋಟು ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಫೋನು ಮೇಜಿನ ಮೇಲೆ ಮಗುಚಿ ಬಿದ್ದಿತ್ತು.

"ನಾನು ಕೇಳಿ ತಂದದ್ದು," ಎಂದರು. "ಹೆಣಕ್ಕೆ ಅಂತ ಹೇಳಿ ಕೇಳಿ ತಂದದ್ದು, ಪ್ರಣೀತಾ."

ಮೂವರೇ ಕೂಡಿದರು. ಮೂರನೆಯವನು ಜೆಫ್ರಿ, ಮಂಗಳೂರಿನ ಕುಲಶೇಖರದವನು, ವಾದಿ ಅದಾಯ್‌ನಲ್ಲಿ ಏಸಿ ರಿಪೇರಿಯ ಅಂಗಡಿ ಇಟ್ಟವನು. ಮಾತಾಡಲು ಅವನ ಅಂಗಡಿಯೇ ಆಗಬೇಕೆಂದು ಉಮಾವತಿ ಹಟ ಹಿಡಿದರು. ಅಲ್ಲಿಯ ಕಂಪ್ರೆಸರುಗಳ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೇ ಕೇಳಿಸುವುದಿಲ್ಲವೆಂಬುದು ಅವರಿಗೆ ಸಮಾಧಾನ. ಜೆಫ್ರಿ ಮೊದಲೇ ಸ್ಪಷ್ಟ ಮಾಡಿದ.

"ನೋಡಿ ಉಮಕ್ಕ, ಆ ಮದುವೆ ಗಿದುವೆ ನನಗೆ ಒಪ್ಪಿಗೆ ಇಲ್ಲ. ನಾನು ಪ್ರತಿ ಶುಕ್ರವಾರ ರಜೆಯ ದಿನ ಇಗರ್ಜಿಗೆ ಹೋಗುವವನು. ಆದ್ರೆ ಹೆಣದ ಹಣ ಹೆಣಕ್ಕೇ ಹೋಗ್ಬೇಕು. ಅದನ್ನು ಎತ್ತಿ ಊರಿನ ರಾಜಕೀಯಕ್ಕೆ ಕೊಡ್ಲಿಕ್ಕೆ ಇವರು ಯಾರು?"

ಉಮಾವತಿ ಅವನ ಮುಖವನ್ನೇ ನೋಡುತ್ತಿದ್ದರು. ಅವನ ಮೊದಲ ಮಾತಿಗೆ ಅವರ ಕಣ್ಣು ಒಮ್ಮೆ ಮುಚ್ಚಿ ತೆರೆದದ್ದನ್ನು ಪ್ರಣೀತಾ ಗಮನಿಸಿದಳು. ಕಾರಣ ಅವಳಿಗೆ ಆಗ ತಿಳಿಯಲಿಲ್ಲ.

ದೂರು ಕೊಡುವ ದಾರಿ ಇರಲಿಲ್ಲ. ಹೊರಗಿನ ಯಾವ ಕಚೇರಿಗೆ ಹೋದರೂ ಮೊದಲು ಏಳುವ ಪ್ರಶ್ನೆ ಹಣ ಕೂಡಿಸಿದವರು ಯಾರೆಂಬುದು. ಅದಕ್ಕೆ ಉತ್ತರ ಉಮಾವತಿ. ಅದಲ್ಲದೆ, ಹಣ ಯಾವ ವಿಷಯಕ್ಕೆ ಹೋಯಿತೆಂದು ಬಾಯಿ ಬಿಟ್ಟು ಹೇಳುವುದೇ, ಅಂಥ ಸಂಬಂಧ ಅಪರಾಧವಾದ ಈ ದೇಶದಲ್ಲಿ, ಅಪಾಯ. ಉಳಿದದ್ದು ಬಳಗದ ವಾರ್ಷಿಕ ಸಭೆಯೊಂದೇ. ಅಲ್ಲಿ ಎದ್ದು ಕೇಳುವುದೆಂದಾಯಿತು. ಬೆಂಬಲ ಕೋರಿ ಮೂವರೂ ಮನೆಮನೆಗೆ ಹೋದರು. ಅವೇ ಮನೆಗಳು, ನಿಧಿಗೆ ಕೊಡುವಾಗ ಕೂರಿಸಿ ಚಹಾ ಕೊಟ್ಟಿದ್ದವು; ಈಗ ಬಾಗಿಲು ಅರ್ಧವಷ್ಟೇ ತೆರೆದುಕೊಂಡವು. ಒಬ್ಬರು ನೆಲದ ಚಪ್ಪಲಿಗಳನ್ನು ನೋಡುತ್ತ ಮಾತಾಡಿದರು. ಒಬ್ಬರು ಟಿವಿಯ ಶಬ್ದ ಹೆಚ್ಚಿಸಿ, "ನೀವು ಹೇಳುವುದು ಸರಿ, ನಾನು ಹೇಳಿದೆ ಅಂತ ಹೇಳ್ಬೇಡಿ" ಎಂದರು. ಒಬ್ಬಾಕೆ ನಗುತ್ತ, "ನಿಮಗೆ ಯಾಕೆ ಇದೆಲ್ಲ? ನಿಮ್ಮ ಮನೆಯಲ್ಲಿ ಅಂಥವರು ಇಲ್ಲವಲ್ಲ" ಎಂದಳು. ಮೆಟ್ಟಿಲಿಳಿಯುವಾಗ ಉಮಾವತಿ ಪಕ್ಕದ ಕಂಬಿಯ ಮೇಲಿನ ಹಿಡಿತ ಬಿಡಲಾಗದೆ ಒಂದು ಗಳಿಗೆ ನಿಂತುಬಿಟ್ಟರು.

ಚೇತನನಿಗೂ ದಿಗಿಲು ಹತ್ತಿತ್ತು. "ನಿನ್ನ ಪಾಡಿಗೆ ನೀನಿರು ಅಂತ ಹೇಳಲ್ಲ ನಾನು," ಎಂದ ಹೆಂಡತಿಗೆ. "ಮಗಳ ಸ್ಕೂಲು, ನನ್ನ ವೀಸಾ, ಎಲ್ಲಾ ಒಂದು ಸಲ ಯೋಚ್ನೆ ಮಾಡು ಅಷ್ಟೆ." ಅವಳು ಯೋಚಿಸಿದಳು. ಆದರೂ ಮೇಲಿನ ಮನೆಯ ಆ ಹೆಂಗಸನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ.

ಸಭೆಗೆ ಕೆಲವು ದಿನಗಳಿರುವಾಗ ಕರ್ಕೇರರೇ ಬಂದರು. ಹೊತ್ತು ಮುಳುಗುವ ಸಮಯ. ಪ್ರಣೀತಾ ಅಲ್ಲೇ ಇದ್ದಳು. ಅವರು ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಒಂದು ಡಬ್ಬ ಒಮಾನಿ ಹಲ್ವ ತಂದು ಮೇಜಿನ ಮೇಲಿಟ್ಟು, ಉಮಾವತಿಯ ಮೊಣಕಾಲು ನೋವನ್ನು ವಿಚಾರಿಸಿದರು. ಕರ್ಕೇರರು ದುಷ್ಟರೆಂದು ಯಾರೂ ಹೇಳುವ ಹಾಗಿರಲಿಲ್ಲ. ಎಷ್ಟೋ ಜನರಿಗೆ ಕೆಲಸ ಕೊಡಿಸಿದವರು. ಮಾತು ಮೆಲ್ಲಗೆ, ಸಿಟ್ಟು ಬಂದರೆ ಇನ್ನೂ ಮೆಲ್ಲಗೆ.

"ನಾನೊಂದು ಒಳ್ಳೆ ಕೆಲಸಕ್ಕೆ ಕೊಟ್ಟದ್ದು ಉಮಕ್ಕ. ನಮ್ಮ ಸಂಸಾರ, ನಮ್ಮ ಮಕ್ಕಳು ಉಳಿಯಲಿಕ್ಕೆ. ಅದನ್ನು ನೀವು ಸಭೆಯಲ್ಲಿ ಕೇಳ್ತೀರಿ ಅಂತ ಸುದ್ದಿ."

"ಕೇಳ್ಬೇಕು ಅಂತ..." ಎಂದರು ಉಮಾವತಿ.

"ಕೇಳಿ. ನಿಮ್ಮ ಹಕ್ಕು." ಕರ್ಕೇರರು ಗೋಡೆಯ ಮೇಲಿದ್ದ ಕೀರ್ತನನ ಶಾಲಾದಿನಗಳ ಫೋಟೋವನ್ನು ನೋಡಿದರು. "ಕೀರ್ತನ್ ಈಗ ಬೆಂಗಳೂರಿನಲ್ಲಿ ಅಲ್ವಾ? ನನ್ನ ತಂಗಿಯ ಮಗ ಅದೇ ಬೀದಿಯಲ್ಲಿ ಇರುವುದು. ಇವನು, ಮತ್ತೆ ಆ ಹುಡುಗ, ಜೋಶುವಾ ಅಂತಲ್ವಾ ಹೆಸರು? ಇಬ್ಬರೂ ಒಟ್ಟಿಗೇ ಮನೆ ಮಾಡಿದ್ದಾರಂತೆ. ತುಂಬ ವರ್ಷ ಆಯ್ತಂತೆ."

ಉಮಾವತಿ ಎದ್ದು ಹೋಗಿ ಕಿಟಕಿ ಮುಚ್ಚಿದರು.

"ನಾನು ಯಾರಿಗೂ ಹೇಳಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಇರ್ತದೆ. ಆದ್ರೆ ನಿಮ್ಮ ಆಫೀಸಿನ ಅರಬಿ ಹಳೇ ಕಾಲದ ಮನುಷ್ಯ. ಈ ವಯಸ್ಸಿನಲ್ಲಿ ವೀಸಾ ಹೋದ್ರೆ ಎಲ್ಲಿಗೆ ಹೋಗ್ತೀರಿ ಅಕ್ಕ?" ಅವರು ಎದ್ದರು. "ಹಲ್ವ ಫ್ರಿಜ್ಜಿನಲ್ಲಿ ಇಡ್ಬೇಡಿ, ಗಟ್ಟಿಯಾಗ್ತದೆ."

ಬಾಗಿಲು ಹಾಕಿ ಬಂದ ಪ್ರಣೀತಾ ನೋಡಿದರೆ ಉಮಾವತಿ ಕೋಟಿನ ಗುಂಡಿಗಳೊಡನೆ ಹೆಣಗುತ್ತಿದ್ದರು. ಗುಂಡಿ ತೂತಿಗೆ ಸೇರುತ್ತಿರಲಿಲ್ಲ. ಅವಳು ಮೊಣಕಾಲೂರಿ ಕೂತು ಒಂದೊಂದಾಗಿ ಹಾಕಿಕೊಟ್ಟಳು.

"ಕಾಲೇಜು ಸೇರಿದ ವರ್ಷ ನನಗೆ ಹೇಳಿದ ಕೀರ್ತನ್," ಎಂದರು ಉಮಾವತಿ. "ನಾನು ಬೈಯಲಿಲ್ಲ, ಅಳಲೂ ಇಲ್ಲ. ಇದನ್ನು ಇಲ್ಲಿಗೆ ಬಂದಾಗ ಹೇಳ್ಬೇಡ, ಫೋನಿನಲ್ಲಿ ಹೇಳ್ಬೇಡ ಅಂದೆ. ಅಷ್ಟೇ ಅಂದದ್ದು. ಅಷ್ಟರ ಮೇಲೆ ಅವನು ಇಲ್ಲಿಗೆ ಬರ್ಲೇ ಇಲ್ಲ. ಆ ಹಣದಲ್ಲಿ ನನ್ನದೂ ಉಂಟು ಪ್ರಣೀತಾ. ಪ್ರತಿ ವರ್ಷ ಮೊದಲು ನಾನು ಹಾಕಿ, ಮತ್ತೆ ಬೇರೆಯವರ ಹತ್ರ ಹೋಗುವುದು. ನನ್ನ ಕೈಯಿಂದಲೇ ನನ್ನ ಮಗನ ಮೇಲೆ ವಕೀಲರನ್ನು ಇಡಿಸಿದ್ರು."

"ಬಿಟ್ಬಿಡಿ ಉಮಕ್ಕ," ಎಂದಳು ಪ್ರಣೀತಾ. ಅವಳಿಗೆ ನಿಜವಾಗಿಯೂ ಭಯವಾಗಿತ್ತು. "ನೀವು ಕೇಳಬೇಡಿ. ನಾನೂ ಜೆಫ್ರಿನೂ ಕೇಳ್ತೀವಿ."

"ತಂದದ್ದು ನಾನು," ಎಂದರು ಉಮಾವತಿ.

ಮರುದಿನ ಅವರು ಮಗನಿಗೆ ಕರೆ ಮಾಡಿದರು. ಫೋನಿನಲ್ಲಿ ಆಡಬಾರದೆಂದು ತಾವೇ ವಿಧಿಸಿದ್ದ ಮಾತನ್ನು ಫೋನಿನಲ್ಲಿಯೇ ಆಡಬೇಕಾಗಿ ಬಂದಿತ್ತು. ಒಂಟಿಯಾಗಿ ಆಗದೆಂದು ಪ್ರಣೀತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತುಳುವಿನಲ್ಲಿ ನಡೆದ ಆ ಸಂಭಾಷಣೆ ಅವಳಿಗೆ ಅರ್ಧವಷ್ಟೇ ತಿಳಿಯಿತು. ಉಳಿದದ್ದನ್ನು ಆಮೇಲೆ ಉಮಾವತಿ ಹೇಳಿದರು. ಎಲ್ಲವನ್ನೂ ಕೇಳಿದ ಕೀರ್ತನ್, "ಅಮ್ಮ, ನಿನಗೆ ಹೆದರಿಕೆ ಆಗ್ತಾ ಉಂಟಾ?" ಎಂದು ಕೇಳಿದನಂತೆ. ಆಗ್ತಾ ಉಂಟು ಎಂದರಂತೆ ಇವರು. "ನನ್ನ ಹೆಸರು ಹೇಳು. ಜೋಶುವಾನದ್ದು ಮಾತ್ರ ಹೇಳ್ಬೇಡ. ಅವನ ಮನೆಯಲ್ಲಿ ಇನ್ನೂ ಗೊತ್ತಿಲ್ಲ," ಎಂದನಂತೆ ಮಗ. ಫೋನಿಟ್ಟ ಮೇಲೆ ಉಮಾವತಿಗೆ ಹೊಸದೊಂದು ಭಯ ಹುಟ್ಟಿತು. ಅಲ್ಲಿಯವರೆಗೆ ಕಾಯಬೇಕಾದದ್ದು ತಮ್ಮ ಮಗನನ್ನು. ಇನ್ನು ಮೇಲೆ ತಾವು ಕಂಡೇ ಇರದ ಇನ್ನೊಬ್ಬ ತಾಯಿಯ ಮಗನನ್ನೂ.

ಸಭೆ ಒಂದು ಶುಕ್ರವಾರ, ರೂವಿಯ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ. ಊಟದ ಬಿಸಿಪೆಟ್ಟಿಗೆಗಳು ಗೋಡೆಯ ಉದ್ದಕ್ಕೂ ಸಿದ್ಧವಾಗಿದ್ದವು. ಕೋಳಿ ಸುಕ್ಕದ ವಾಸನೆ ಹಾಲಿನ ತುಂಬ. ಪ್ರಾರ್ಥನೆ, ಸ್ವಾಗತ, ವರದಿ ಎಲ್ಲ ಮುಗಿದು ಕರ್ಕೇರರು "ಯಾರಿಗಾದರೂ ಪ್ರಶ್ನೆ ಉಂಟಾ?" ಎಂದು ನಗುತ್ತ ಕೇಳಿದಾಗ ಉಮಾವತಿ ಎದ್ದರು. ಎದ್ದವರು ಮತ್ತೆ ಕೂತರು. ಯಾರೋ ಹಿಂದೆ ಕಿಸಕ್ಕೆಂದರು. ಕೂತಲ್ಲಿಂದಲೇ, ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರು ಮಾತು ಶುರುಮಾಡಿದರು. ಮೈಕು ಬೇಡವೆಂದರು. ಅವರ ಸಣ್ಣ ದನಿ ಕೇಳಬೇಕಾದರೆ ಸಭೆ ಸುಮ್ಮನಿರಲೇಬೇಕಾಗಿತ್ತು. ನಿಧಾನವಾಗಿ ಅದು ಸುಮ್ಮನಾಯಿತು.

"ಮಂಗಳೂರಿನಲ್ಲಿ ಕೊಟ್ಟ ಹಣ ತುಕ್ರನ ನಿಧಿಯದ್ದಾ? ಅದೊಂದು ಹೇಳಿ."

"ಬಳಗದ ಹಣ," ಎಂದರು ಕರ್ಕೇರರು. "ಎಲ್ಲ ಒಂದೇ ಅಲ್ವಾ ಅಕ್ಕ."

"ಒಂದೇ ಅಲ್ಲ. ನಾನು ಗ್ಯಾರೇಜಿಗೆ ಹೋಗಿ ಕೇಳುವಾಗ, ಸತ್ತವರನ್ನು ಊರಿಗೆ ಕಳಿಸ್ಲಿಕ್ಕೆ ಅಂತ ಹೇಳಿಯೇ ಕೇಳಿದ್ದು. ಅವರು ಕೊಟ್ಟದ್ದೂ ಅದಕ್ಕೇ. ಬೇರೆಯದಕ್ಕೆ ಕೊಡ್ಬೇಕಾದ್ರೆ ಅವರನ್ನು ಕೇಳ್ಬೇಕಿತ್ತು. ಆ ಮುನಿಯಪ್ಪನ ಹೆಣ ಇನ್ನೂ ಆಸ್ಪತ್ರೆಯಲ್ಲೇ ಉಂಟು. ಅದನ್ನು ಹಿಂದೆ ತನ್ನಿ. ನಾನು ಮತ್ತೆ ಎಂತದೂ ಕೇಳುವುದಿಲ್ಲ."

ಸಭೆಯ ನಡುವಿನಿಂದ ಒಂದು ಗಂಡಸಿನ ದನಿ ಬಂತು: "ಆ ಥರದವರ ಪರ ಮಾತಾಡ್ತಾರಲ್ಲ ಇವರು, ಎಂತಕ್ಕೆ?" ಕರ್ಕೇರರು ಎರಡೂ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಆಮೇಲೆ ತುಂಬ ಮೆಲ್ಲಗೆ, "ಉಮಕ್ಕನಿಗೆ ಅವರದೇ ಆದ ಕಾರಣ ಉಂಟು. ನಾನು ಹೇಳುವುದು ಸರಿಯಲ್ಲ" ಎಂದರು.

ಪ್ರಣೀತಾ ಕಣ್ಣು ಮುಚ್ಚಿದಳು.

"ನೀವು ಹೇಳುವುದು ಬೇಡ. ನಾನೇ ಹೇಳ್ತೇನೆ," ಎಂದಿತು ಆ ಸಣ್ಣ ದನಿ. "ನನ್ನ ಮಗ ಕೀರ್ತನ್ ನಿಮಗೆಲ್ಲ ಗೊತ್ತು. ಇಲ್ಲಿ ಸ್ಟೇಜಿನಲ್ಲಿ ಹಾಡಿದವನು. ಆ ಕೋರ್ಟಿನಲ್ಲಿ ಯಾರ ಮಾತು ನಡೀತಾ ಉಂಟೋ, ಅವನು ಅಂಥವನು. ಈಗ ಆಯ್ತಲ್ಲ, ನನ್ನ ಕಾರಣ. ನಾನು ಅವನ ಪರ ಹಣ ಕೊಡಿ ಅಂತ ನಿಮ್ಮ ಹತ್ರ ಯಾವತ್ತೂ ಕೇಳ್ಲಿಲ್ಲ. ಅವನ ವಿರುದ್ಧ ನನ್ನ ಹಣ ಯಾಕೆ ಕೊಟ್ರಿ ಅಂತ ಕೇಳ್ತಾ ಇದ್ದೇನೆ." ಉಸಿರು ತೆಗೆದುಕೊಂಡರು. "ಮತ್ತೆ ಒಂದು. ಬೇರೆ ಯಾರ ಮಕ್ಕಳ ಹೆಸರೂ ಇಲ್ಲಿ ತೆಗೀಬಾರ್ದು. ಅವರಿಗೂ ಅಮ್ಮ ಇದ್ದಾರೆ."

ಇದನ್ನು ಹೇಳುವಾಗ ಅವರು ಕರ್ಕೇರರನ್ನು ನೇರವಾಗಿ ನೋಡಿದರು. ಕರ್ಕೇರರ ತುಟಿ ಅಲುಗಿದ್ದನ್ನು ಮುಂದಿನ ಸಾಲಿನವರು ಕಂಡಿದ್ದಾರೆ; ಜೋಶುವಾನ ಹೆಸರು ಅಲ್ಲಿಯ ತನಕ ಬಂದಿತ್ತೇನೋ. ಆದರೆ ಹೊರಗೆ ಬರಲಿಲ್ಲ. ಆಗ ಜೆಫ್ರಿ ಎದ್ದು ನಿಂತ. ಉಮಾವತಿಯ ಮಾತು ಅವನಿಗೂ ಹೊಸದೇ. ಅವನ ಮುಖ ಕೆಂಪಾಗಿತ್ತು. ಹೇಳಬೇಕೆಂದುಕೊಂಡು ಬಂದದ್ದೆಲ್ಲ ಮರೆತವನಂತೆ ನಿಂತಿದ್ದು, ಕೊನೆಗೆ, "ಹಣ ಹಿಂದೆ ಬರ್ಬೇಕು. ಕೈ ಎತ್ತುವವರು ಎತ್ತಿ" ಎಂದಷ್ಟೇ ಹೇಳಿ ತನ್ನದನ್ನು ಎತ್ತಿದ.

ಪ್ರಣೀತಾಳ ಕೈ ಎದ್ದಿತು. ಅದು ತನ್ನದಲ್ಲವೆಂಬಷ್ಟು ತಣ್ಣಗಿತ್ತು. ಪಕ್ಕದಲ್ಲಿ ಚೇತನ್ ನಿಟ್ಟುಸಿರು ಬಿಟ್ಟು ತಾನೂ ಎತ್ತಿದ. ಅಲ್ಲೊಂದು ಇಲ್ಲೊಂದು ಕೈ, ಅಷ್ಟೆ. ಮಿಕ್ಕವರು ತಮ್ಮ ಫೋನುಗಳನ್ನೋ ಊಟದ ಮೇಜನ್ನೋ ನೋಡುತ್ತಿದ್ದರು. ಬೇಡವೆನ್ನುವವರು ಎತ್ತಿ ಎಂದಾಗಲೂ ಹೆಚ್ಚು ಕೈ ಏಳಲಿಲ್ಲ. ಅಧ್ಯಕ್ಷರು ವಿಷಯವನ್ನು ಸಮಿತಿಗೆ ಬಿಟ್ಟಿದೆಯೆಂದು ಹೇಳಿ ಎಲ್ಲರನ್ನೂ ಊಟಕ್ಕೆ ಕರೆದರು. ಉಮಾವತಿ ಉಣ್ಣಲಿಲ್ಲ. ಕೆಳಗಿಳಿದು ಬಂದವರು ರಸ್ತೆಯ ಅಂಚಿನಲ್ಲಿ ವಾಂತಿ ಮಾಡಿಕೊಂಡರು. ಪ್ರಣೀತಾ ಬೆನ್ನು ಸವರುತ್ತ ನಿಂತಿದ್ದಾಗ, "ನಾನು ಜೋರಾಗಿ ಮಾತಾಡಿದ್ನಾ?" ಎಂದು ಕೇಳಿದರು.

ಮುಂದಿನ ವಾರ ಮುನಿಯಪ್ಪನ ಹೆಣ ಊರಿಗೆ ಹೋಯಿತು. ಕರ್ಕೇರರು ಸ್ವಂತ ಖರ್ಚಿನಿಂದ ಕಳಿಸಿದರೆಂದು ಗುಂಪಿನಲ್ಲಿ ಸುದ್ದಿ ಬಂತು. ಮತ್ತೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಊರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ, ಲೆಕ್ಕದ ತಿದ್ದುಪಡಿಯೆಂಬ ಹೆಸರಿನಲ್ಲಿ, ಮಂಗಳೂರಿಗೆ ಹೋಗಿದ್ದಷ್ಟು ಹಣ ಸದ್ದಿಲ್ಲದೆ ನಿಧಿಗೆ ಬಂದು ಸೇರಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಹೊಸ ಸಮಿತಿಯಲ್ಲಿ ಉಮಾವತಿಯ ಹೆಸರಿರಲಿಲ್ಲ. ಮಕ್ಕಳ ಹುಟ್ಟುಹಬ್ಬಗಳಿಗೆ, ಸತ್ಯನಾರಾಯಣ ಪೂಜೆಗಳಿಗೆ ಕರೆ ನಿಂತಿತು. ಜೆಫ್ರಿ ಮಾತ್ರ ಒಂದು ದಿನ ಹೇಳದೆ ಕೇಳದೆ ಬಂದು ಅವರ ಮನೆಯ ಏಸಿ ಬಿಚ್ಚಿ ತೊಳೆದು ಜೋಡಿಸಿ ಹೋದ. ಕೀರ್ತನನ ವಿಷಯ ಅವನು ಎತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಅವನು ಚೆನ್ನಾಗಿ ಹಾಡ್ತಿದ್ದ" ಎಂದ.

ಉಮಾವತಿಯ ಕಚೇರಿಯ ಒಡೆಯನಿಗೆ ಯಾರೋ ಏನೋ ಸಂದೇಶ ಕಳಿಸಿದರು. ಮುದುಕ ಉಮಾವತಿಯನ್ನು ಒಳಗೆ ಕರೆದಾಗ ಅವರು ಮೇಜಿನ ಡ್ರಾಯರಿನಲ್ಲಿದ್ದ ಸ್ವಂತ ವಸ್ತುಗಳನ್ನು ಚೀಲಕ್ಕೆ ತುಂಬಿಕೊಂಡೇ ಹೋದರು. ಆತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇನ್ನು ಮೇಲೆ ಎಲ್ಲಿಯೂ ಹಣ ಕೂಡಿಸಲು ಹೋಗಬಾರದು, ಅದರಿಂದ ತನಗೂ ತೊಂದರೆ ಎಂದ. "ಖಲಾಸ್, ಉಮ್ಮ್ ಕೀರ್ತನ್. ಕೆಲಸಕ್ಕೆ ಹೋಗು" ಎಂದ. ಆ ನಾಡಿನ ವಾಡಿಕೆಯಂತೆ ಆತ ಮೊದಲಿನಿಂದಲೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ, ಕೀರ್ತನನ ಅಮ್ಮ ಎಂದು. ಅವತ್ತು ಆ ಹೆಸರನ್ನು ಎಂದಿನಂತೆ ಆಡಿದನೋ, ಎಲ್ಲ ತಿಳಿದು ಆಡಿದನೋ, ಉಮಾವತಿಗೆ ಈ ಹೊತ್ತಿಗೂ ಗೊತ್ತಿಲ್ಲ. ವೀಸಾ ನವೀಕರಣದ ತಿಂಗಳು ಬಂದರೆ ಅವರಿಗೆ ಜ್ವರ ಬರುತ್ತದೆ.

ಆ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಮದುವೆಗೆ ಮಾನ್ಯತೆ ಕೊಡಲಾಗದೆಂದು, ಅದು ಶಾಸಕಾಂಗಕ್ಕೆ ಬಿಟ್ಟದ್ದೆಂದು ಹೇಳಿತು. ಬಳಗದಲ್ಲಿ ಯಾರೋ ಸಿಹಿ ಹಂಚಿದರಂತೆ. ಉಮಾವತಿ ರಜೆ ಹಾಕಿ ಬೆಂಗಳೂರಿಗೆ ಹೋಗಿ ಮಗನ ಮನೆಯಲ್ಲಿ ಒಂದಷ್ಟು ದಿನ ಇದ್ದು ಬಂದರು. ಅಲ್ಲಿ ಏನಾಯಿತೆಂದು ಪ್ರಣೀತಾ ಕೇಳಿದ್ದಕ್ಕೆ, ಜೋಶುವಾ ಒಳ್ಳೆಯ ಸಾರು ಮಾಡುತ್ತಾನೆಂದೂ, ಅವರಿರುವ ಬೀದಿಯಲ್ಲಿ ವಾಹನಗಳು ತೀರಾ ವೇಗವಾಗಿ ಓಡುತ್ತವೆಂದೂ, ಇಬ್ಬರೂ ರಸ್ತೆ ದಾಟುವಾಗ ತಮಗೆ ಜೀವವೇ ಹೋದಂತಾಗುತ್ತಿತ್ತೆಂದೂ ಹೇಳಿದರು.

ಉಮಾವತಿಯವರಂಥವರು ಒಂದು ಗಳಿಗೆಯ ಸಾಹಸದಿಂದ ಧೀರರಾಗಿ ಬದಲಾಗುವುದಿಲ್ಲ. ಪರವಾನಗಿಯ ಮೇಲೆ ಬದುಕುವ ನೆಲದಲ್ಲಿ ದಶಕಗಳ ಕಾಲ ಮೈಗೂಡಿದ ಭೀತಿ ಒಂದು ಸಭೆಯ ಮಾತಿಗೆ ಕಳಚಿ ಬೀಳುವಂಥದಲ್ಲ. ಬಾಯಿ ತೆರೆದ ಮೇಲೆ ಅದು ಇನ್ನಷ್ಟು ಬೆಳೆಯುತ್ತದೆ, ಕದ ತಟ್ಟಿದ ಪ್ರತಿಯೊಂದು ಸದ್ದಿನಲ್ಲೂ ಹಿಂದಿರುಗಿ ಬರುತ್ತದೆ. ಸ್ವಭಾವತಃ ನಿರ್ಭೀತರಾದವರು ನ್ಯಾಯದ ಮಾತನ್ನು ಆಡಿ, ಚಪ್ಪಾಳೆ ಪಡೆದು, ಮಲಗಿ ನಿದ್ದೆ ಹೋಗುತ್ತಾರೆ; ಆಡಿದ್ದು ಅವರಿಗೆ ಅಲ್ಲಿಗೆ ಮುಗಿಯಿತು. ಹೆದರುವ ಸ್ವಭಾವದವರಿಗೆ ಅದು ಮುಗಿಯುವುದೇ ಇಲ್ಲ. ಅವರು ಆಡಿದ ಒಂದು ಮಾತನ್ನು ದಿನ ಬೆಳಗಾದರೆ ಹೊಸದಾಗಿ ಆಡಬೇಕಾಗುತ್ತದೆ, ದಿನವೂ ಅಷ್ಟೇ ನಡುಗಬೇಕಾಗುತ್ತದೆ. ಆ ಮಾತನ್ನು ಹಿಂದೆ ತೆಗೆದುಕೊಂಡರೆ ನೆಮ್ಮದಿ ಸಿಕ್ಕೀತೆಂದು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಅವರು ಹಿಂದೆ ತೆಗೆದುಕೊಳ್ಳುವುದಿಲ್ಲ.